ಕಮ್ಮಾರನ ಮಗ ಮೈಕೇಲ್ ಫ್ಯಾರಡೆ

ನೀರು ಜಲಜನಕ, ಆಮ್ಲಜನಕ ಎಂಬ ಎರಡು ಅನಿಲಗಳ ಸಂಯೋಗದಿಂದ ಆದುದೆಂದು ಇಂದು ಪ್ರೌಢಶಾಲೆಯ ಮಕ್ಕಳೆಲ್ಲರೂ ಬಲ್ಲರು. ಗಾಜಿನ ಪಾತ್ರೆಯಲ್ಲಿ ನೀರು ತುಂಬಿ, ನಾಲ್ಕು ಹನಿ ಆಮ್ಲ ಬೆರಸಿ, ಎರಡು ಲೋಹದ ತಗಡುಗಳನ್ನು ಇಳಿಬಿಟ್ಟು ವಿದ್ಯುತ್ತನ್ನು ಹರಿಸಿದರೆ, ಒಂದರ ಮೇಲೆ ಜಲಜನಕವೂ ಇನ್ನೊಂದರ ಮೇಲೆ ಆಮ್ಲಜನಕವೂ ಗುಳ್ಳೆಗುಳ್ಳೆಯಾಗಿ ಏಳುವುದನ್ನು ಅವರು ಪ್ರಯೋಗಶಾಲೆಯಲ್ಲಿ ನೋಡಿಯೂ ಇರುತ್ತಾರೆ. ಆದರೆ ಇಷ್ಟು ವಿದ್ಯುತ್ತಿಗೆ ಇಷ್ಟೇ ಅನಿಲವೆಂದು ಜಗತ್ತಿಗೆ ಲೆಕ್ಕ ಹಾಕಿ ಕೊಟ್ಟವನು, ಆ ತಗಡುಗಳಿಗೆ ಇಂದಿಗೂ ನಡೆದುಬಂದಿರುವ ಹೆಸರನ್ನಿಟ್ಟವನು, 13ನೆಯ ವಯಸ್ಸಿಗೆ ಶಾಲೆಯ ಓದನ್ನು ಬಿಟ್ಟು ಮನೆಮನೆಗೆ ಪತ್ರಿಕೆ ಹಂಚಲು ಹೋದ ಬಡ ಕಮ್ಮಾರನೊಬ್ಬನ ಮಗನೆಂಬುದು ಎಲ್ಲರಿಗೂ ತಿಳಿದಿರಲಾರದು. ಆತನೇ ಮೈಕೇಲ್ ಫ್ಯಾರಡೆ.

ರಾಜ್ಯೋತ್ಸವದ ಸಂಚಿಕೆಯಲ್ಲಿ ಆಂಗ್ಲ ವಿಜ್ಞಾನಿಯೊಬ್ಬನ ಚರಿತ್ರೆ ಏಕೆ ಎಂದು ಓದುಗರು ಕೇಳಬಹುದು. ಅದಕ್ಕೆ ನಮ್ಮ ಉತ್ತರ ಇಷ್ಟೆ. ಹುಟ್ಟಿದೂರನ್ನು ಬಿಟ್ಟು ಅನ್ನವನ್ನರಸಿ ದೊಡ್ಡ ನಗರಕ್ಕೆ ಬಂದ ಕುಟುಂಬದಲ್ಲಿ ಈತನು ಜನಿಸಿದನು. ಅಂತಹ ಕುಟುಂಬಗಳೇ ನಮ್ಮ ಸಂಘದ ಬೆನ್ನೆಲುಬು. ಪರಸ್ಥಳದಲ್ಲಿ ಬಡವರ ಮನೆಯ ಬುದ್ಧಿವಂತ ಮಗುವೊಂದು ಮೇಲೆ ಬರಬೇಕಾದರೆ ಯಾರಾರ ಕೈ ಆಸರೆಯಾಗಬೇಕು, ಅಷ್ಟಾದ ಮೇಲೆ ಆ ಮಗು ತಾನಾಗಿ ಏನನ್ನು ರೂಢಿಸಿಕೊಳ್ಳಬೇಕು ಎಂಬ ಎರಡು ಪ್ರಶ್ನೆಗಳಿಗೆ ಈತನ ಬಾಳಿನಲ್ಲಿ ಸ್ಪಷ್ಟವಾದ ಉತ್ತರ ದೊರೆಯುತ್ತದೆ.

ಫ್ಯಾರಡೆಯ ತಂದೆ ಜೇಮ್ಸನು ಇಂಗ್ಲೆಂಡಿನ ಉತ್ತರ ಭಾಗದ ವೆಸ್ಟ್‌ಮೋರ್ಲೆಂಡ್ ಸೀಮೆಯ ಹಳ್ಳಿಯೊಂದರಲ್ಲಿ ಕುಲುಮೆ ನಡೆಸುತ್ತಿದ್ದನು. ಅಲ್ಲಿ ಜೀವನ ಸಾಗದೆ ಹೆಂಡತಿ ಮಾರ್ಗರೆಟ್ ಹಾಗೂ ಮಕ್ಕಳೊಡನೆ ಲಂಡನ್ನಿನ ಕಡೆಗೆ ಹೊರಟು ಬಂದನು. ಅವರು ಬಂದ ಕೆಲವೇ ತಿಂಗಳಲ್ಲಿ, 1791ರ ಸೆಪ್ಟೆಂಬರ್ 22ರಂದು, ನ್ಯೂಯಿಂಗ್ಟನ್ ಬಟ್ಸ್ ಎಂಬಲ್ಲಿ ಮೈಕೇಲನು ಹುಟ್ಟಿದನು. ಮುಂದೆ ಅವರ ಸಂಸಾರ ಲಂಡನ್ನಿನ ಓಣಿಯೊಂದರಲ್ಲಿ, ಗಾಡಿ ನಿಲ್ಲಿಸುವ ಕೊಟ್ಟಿಗೆಯ ಮೇಲಣ ಕೊಠಡಿಗಳಲ್ಲಿ ನಡೆಯಿತು. ತಂದೆಗೆ ದೇಹಸ್ವಾಸ್ಥ್ಯವಿಲ್ಲ, ಇಡೀ ದಿನ ಸುತ್ತಿಗೆ ಹಿಡಿಯುವ ಶಕ್ತಿಯಿಲ್ಲ. 1801ರಲ್ಲಿ ಧಾನ್ಯದ ಬೆಲೆ ಗಗನಕ್ಕೇರಿದಾಗ ಹುಡುಗನ ಪಾಲಿಗೆ ವಾರಕ್ಕೆ ಒಂದೇ ರೊಟ್ಟಿ ಬರುತ್ತಿದ್ದಿತಂತೆ; ಅದನ್ನೇ ಏಳು ದಿನ ಹೊಂದಿಸಿಕೊಳ್ಳಬೇಕಾಗಿದ್ದಿತು. ಓದು, ಬರಹ, ಸ್ವಲ್ಪ ಲೆಕ್ಕ, ಇಷ್ಟೇ ಆತನಿಗೆ ಶಾಲೆ ಕಲಿಸಿದ್ದು.

1804ರಲ್ಲಿ ಹುಡುಗನು ಬ್ಲಾಂಡ್‌ಫರ್ಡ್ ಬೀದಿಯ ಜಾರ್ಜ್ ರೀಬೋ ಎಂಬ ಪುಸ್ತಕ ವ್ಯಾಪಾರಿಯ ಅಂಗಡಿಯನ್ನು ಸೇರಿದನು. ಬೆಳಗ್ಗೆ ಗಿರಾಕಿಗಳ ಮನೆಗೆ ಪತ್ರಿಕೆ ಕೊಡುವುದು, ಅವರು ಓದಿ ಮುಗಿಸಿದ ಮೇಲೆ ಮತ್ತೆ ಹೋಗಿ ತರುವುದು, ಇದು ಆತನ ಮೊದಲ ಉದ್ಯೋಗ. ಮರುವರ್ಷ ರೀಬೋ ಈತನನ್ನು ಪುಸ್ತಕಕ್ಕೆ ರಟ್ಟು ಕಟ್ಟುವ ಕೆಲಸ ಕಲಿಯಲು ಏಳು ವರ್ಷಗಳ ಕರಾರಿನ ಮೇಲೆ ಇಟ್ಟುಕೊಂಡನು. ಹುಡುಗನ ನಡತೆಯನ್ನು ಮೆಚ್ಚಿ ಕಲಿಕೆಯ ಶುಲ್ಕವನ್ನು ತೆಗೆದುಕೊಳ್ಳಲಿಲ್ಲ. ಈ ರೀಬೋನನ್ನು ನಾವು ಮರೆಯಬಾರದು. ರಟ್ಟು ಕಟ್ಟಲು ಬಂದ ಗ್ರಂಥವನ್ನು ಹುಡುಗನು ಕೆಲಸ ಮುಗಿದ ಮೇಲೆ ಓದುತ್ತ ಕುಳಿತರೆ ಆತನು ಗದರಿಸಲಿಲ್ಲ; ಅಂಗಡಿಯಲ್ಲಿ ಸಣ್ಣಪುಟ್ಟ ಪ್ರಯೋಗ ಮಾಡಿಕೊಳ್ಳಲೂ ಎಡೆ ಕೊಟ್ಟನು. ಬ್ರಿಟಾನಿಕ ವಿಶ್ವಕೋಶದ ವಿದ್ಯುತ್ತಿನ ಲೇಖನವೂ ಜೇನ್ ಮಾರ್ಸೆಟ್ ಎಂಬ ಮಹಿಳೆ ರಸಾಯನಶಾಸ್ತ್ರವನ್ನು ಸಂಭಾಷಣೆಯ ರೂಪದಲ್ಲಿ ಬರೆದ ಪುಸ್ತಕವೂ ಈ ಅಂಗಡಿಯಲ್ಲೇ ಫ್ಯಾರಡೆಯ ಕೈಗೆ ಬಂದವು. ಪುಸ್ತಕ ಹೇಳಿದುದನ್ನು ನಂಬಿ ಬಿಡುವ ಸ್ವಭಾವ ಅವನದಲ್ಲ. ಕೈಯಲ್ಲಿದ್ದ ಕೆಲವೇ ಪೆನ್ನಿಗಳಿಂದ ಸಾಮಗ್ರಿ ತಂದು, ಆದಷ್ಟು ಮಟ್ಟಿಗೆ ತಾನೇ ಮಾಡಿ ನೋಡುತ್ತಿದ್ದನು.

ಲಂಡನ್ನಿನಲ್ಲಿ ಆಗ ಸಿಟಿ ಫಿಲಸಾಫಿಕಲ್ ಸೊಸೈಟಿ ಎಂಬ ಒಂದು ಸಣ್ಣ ಮಂಡಲಿ ಇದ್ದಿತು. ಜಾನ್ ಟೇಟಮ್ ಎಂಬಾತನ ಮನೆಯಲ್ಲಿ ಸಂಜೆಯ ಹೊತ್ತು ವಿಜ್ಞಾನದ ಉಪನ್ಯಾಸಗಳು ನಡೆಯುತ್ತಿದ್ದವು. ಪ್ರವೇಶಕ್ಕೆ ಒಂದು ಷಿಲಿಂಗ್. ಫ್ಯಾರಡೆಗೆ ಅಷ್ಟೂ ಇರಲಿಲ್ಲ. ಅದನ್ನು ಕೊಟ್ಟವನು ಅಣ್ಣ ರಾಬರ್ಟ್. ತಂದೆಯ ಕಸುಬನ್ನೇ ಹಿಡಿದು ಕುಲುಮೆಯಲ್ಲಿ ದುಡಿಯುತ್ತಿದ್ದವನು. 1810ರಲ್ಲಿ ತಂದೆ ತೀರಿಕೊಂಡನು. ಆ ವರ್ಷವೇ ತಮ್ಮನು ಅಣ್ಣನ ಹಣದಲ್ಲಿ ಉಪನ್ಯಾಸಗಳಿಗೆ ಹೋಗತೊಡಗಿದನೆಂಬುದನ್ನು ನೆನೆದಾಗ ಆ ಷಿಲಿಂಗಿನ ಬೆಲೆ ನಮಗೆ ಅರ್ಥವಾಗುತ್ತದೆ. ಮುಂಬಯಿಯಲ್ಲಿ ಹಗಲೆಲ್ಲ ಹೋಟೆಲಿನಲ್ಲಿ ದುಡಿದು ಸಂಜೆ ಕನ್ನಡ ರಾತ್ರಿ ಶಾಲೆಯ ಬೆಂಚಿನ ಮೇಲೆ ಕುಳಿತು ಮೆಟ್ರಿಕ್ ಮುಗಿಸಿದ ಹುಡುಗರನ್ನು ಕಂಡ ನಮ್ಮ ಜನಕ್ಕೆ ಇದನ್ನು ವಿವರಿಸಿ ಹೇಳಬೇಕಾದುದಿಲ್ಲ. ಆ ಮಂಡಲಿಯಲ್ಲಿ ಫ್ಯಾರಡೆಗೆ ಬೆಂಜಮಿನ್ ಆಬಟ್ ಎಂಬ ಜೀವದ ಗೆಳೆಯನೂ ದೊರೆತನು.

ಇಲ್ಲಿ ಆ ಕಾಲದ ವಿಜ್ಞಾನದ ಸ್ಥಿತಿಯನ್ನು ಸ್ವಲ್ಪ ತಿಳಿಸಬೇಕು. 1800ರಲ್ಲಿ ಇಟಲಿಯ ವೋಲ್ಟನು ಎರಡು ಬಗೆಯ ಲೋಹದ ಬಿಲ್ಲೆಗಳನ್ನು ಉಪ್ಪುನೀರಿನಲ್ಲಿ ನೆನೆದ ಪದರಗಳ ನಡುವೆ ಒಂದರ ಮೇಲೊಂದು ಪೇರಿಸಿ ಎಡೆಬಿಡದೆ ಹರಿಯುವ ವಿದ್ಯುತ್ತನ್ನು ಪಡೆದಿದ್ದನು. ಆ ಸುದ್ದಿ ಬಂದ ಕೂಡಲೆ, ಅದೇ ವರ್ಷದ ಮೇ ತಿಂಗಳಿನಲ್ಲಿ, ಲಂಡನ್ನಿನ ನಿಕಲ್ಸನ್ ಮತ್ತು ಕಾರ್ಲೈಲ್ ಎಂಬಿಬ್ಬರು ಆ ವಿದ್ಯುತ್ತಿನಿಂದ ನೀರನ್ನು ಒಡೆದರು. ಮೊದಲು ಅವರು ಹಿತ್ತಾಳೆಯ ತಂತಿಗಳನ್ನು ಬಳಸಿದರು. ಒಂದು ತಂತಿಯ ಬಳಿ ಜಲಜನಕವೇನೋ ಬಂದಿತು. ಇನ್ನೊಂದರ ಬಳಿ ಅನಿಲ ಬರುವುದರ ಬದಲು ತಂತಿಯೇ ಕಿಲುಬು ಹಿಡಿದು ಸವೆಯಿತು. ಹೊರಬರಬೇಕಾಗಿದ್ದ ಆಮ್ಲಜನಕವನ್ನು ಲೋಹವೇ ನುಂಗಿದ್ದಿತು. ಪ್ಲಾಟಿನಮ್ ತಂತಿ ಹಾಕಿದ ಮೇಲೆ ಆಮ್ಲಜನಕವು ಗುಳ್ಳೆಯಾಗಿ ಎದ್ದಿತು. ನೀರಿನಿಂದ ಆಮ್ಲಜನಕ ಬೇಕಾದರೆ ಯಾವ ಲೋಹವನ್ನು ಮುಂದೊಡ್ಡುತ್ತೇವೆ ಎಂಬುದೇ ಮುಖ್ಯವೆಂಬ ಪಾಠ ಅಂದೇ ಆರಂಭವಾಯಿತು.

1812ರ ಜುಲೈ ತಿಂಗಳಿನಲ್ಲಿ ರಟ್ಟು ಕಟ್ಟುವ ಫ್ಯಾರಡೆಯೂ ಒಂದು ವಿದ್ಯುತ್ಕೋಶವನ್ನು ಕಟ್ಟಿದನು. ಅರ್ಧ ಪೆನ್ನಿಯ ತಾಮ್ರದ ನಾಣ್ಯ ಏಳು; ಅದೇ ಅಳತೆಗೆ ಕತ್ತರಿಸಿದ ಸತುವಿನ ಬಿಲ್ಲೆ ಏಳು; ನಡುವೆ ಉಪ್ಪುನೀರಿನಲ್ಲಿ ನೆನೆಸಿದ ಕಾಗದದ ಚೂರುಗಳು. ಇಷ್ಟರಿಂದ ಮೆಗ್ನೀಷಿಯಮ್ ಲವಣವೊಂದನ್ನು ಒಡೆದುದನ್ನು ಆತನು ಗೆಳೆಯ ಆಬಟನಿಗೆ ಸಂಭ್ರಮದಿಂದ ಬರೆದನು. ನೀರನ್ನೂ ಒಡೆದೆನೆಂದು ಮೊದಲು ಎಣಿಸಿ, ಆ ತೀರ್ಮಾನ ಅವಸರದ್ದಾಗಿರಬಹುದೆಂಬುದನ್ನೂ ಅದೇ ಕಾಗದದಲ್ಲಿ ಒಪ್ಪಿಕೊಂಡನು. ಇಪ್ಪತ್ತು ವರ್ಷ ತುಂಬಿದ, ಯಾವ ಗುರುವಿನ ಭಯವೂ ಇಲ್ಲದ ಹುಡುಗನು ತನ್ನ ಫಲಿತಾಂಶವನ್ನು ತಾನೇ ಸಂಶಯಿಸಿದನು. ಈ ಗುಣವೇ ಮುಂದೆ ಆತನ ದೊಡ್ಡ ಆಸ್ತಿಯಾಯಿತು.

ಅದೇ ವರ್ಷದ ಆರಂಭದಲ್ಲಿ ಅಂಗಡಿಯ ಗಿರಾಕಿ ವಿಲಿಯಮ್ ಡಾನ್ಸ್ ಎಂಬಾತನು ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ಸರ್ ಹಂಫ್ರಿ ಡೇವಿಯ ನಾಲ್ಕು ಉಪನ್ಯಾಸಗಳಿಗೆ ಫ್ಯಾರಡೆಗೆ ಟಿಕೆಟು ಕೊಟ್ಟಿದ್ದನು. ವಿದ್ಯುತ್ತಿನ ಬಲದಿಂದ ಸೋಡಿಯಮ್, ಪೊಟ್ಯಾಸಿಯಮ್ ಲೋಹಗಳನ್ನು ಬೇರ್ಪಡಿಸಿದ ಡೇವಿಯು ಆಗ ಕೀರ್ತಿಯ ಶಿಖರದಲ್ಲಿದ್ದನು. ಫ್ಯಾರಡೆಯು ಕೇಳಿದುದನ್ನೆಲ್ಲ ಬರೆದುಕೊಂಡು, ಚಿತ್ರಗಳನ್ನು ಬಿಡಿಸಿ, ತನಗೆ ಬಲ್ಲ ವಿದ್ಯೆಯಿಂದ ಅಂದವಾಗಿ ರಟ್ಟು ಕಟ್ಟಿ ಇಟ್ಟುಕೊಂಡನು. ಕಲಿಕೆಯ ಕರಾರು ಅಕ್ಟೋಬರಿನಲ್ಲಿ ಮುಗಿದು ಬೇರೊಬ್ಬನಲ್ಲಿ ಕೂಲಿಗೆ ಸೇರಿದಾಗ ಕಸುಬಿನಲ್ಲಿ ಮನಸ್ಸು ನಿಲ್ಲಲಿಲ್ಲ. ವರ್ಷದ ಕೊನೆಗೆ ಆ ಟಿಪ್ಪಣಿಯ ಸಂಪುಟವನ್ನು ಡೇವಿಗೆ ಕಳುಹಿಸಿ, ವಿಜ್ಞಾನದ ಸೇವೆಯಲ್ಲಿ ಯಾವ ಕೆಲಸವಾದರೂ ಸರಿಯೆಂದು ಬೇಡಿಕೊಂಡನು. ಡೇವಿಯು ಆತನನ್ನು ಕರೆಸಿ ಮಾತನಾಡಿಸಿ, ವಿಜ್ಞಾನದಿಂದ ಹೊಟ್ಟೆ ತುಂಬದೆಂದು ಎಚ್ಚರಿಸಿ ಕಳುಹಿಸಿದನು. ಆದರೆ ಕೆಲವು ವಾರಗಳ ಮೇಲೆ ಪ್ರಯೋಗಶಾಲೆಯ ಸಹಾಯಕನೊಬ್ಬನು ಜಗಳವಾಡಿ ಕೆಲಸ ಕಳೆದುಕೊಂಡಾಗ ಡೇವಿಗೆ ಈ ಹುಡುಗನ ನೆನಪಾಯಿತು. 1813ರ ಮಾರ್ಚ್ 1ರಂದು ಫ್ಯಾರಡೆಯು ವಾರಕ್ಕೆ 25 ಷಿಲಿಂಗ್ ಸಂಬಳ ಹಾಗೂ ಮೇಲಂತಸ್ತಿನ ಎರಡು ಕೋಣೆಗಳಿಗೆ ಒಪ್ಪಿ ನೇಮಕಗೊಂಡನು. ಬದುಕಿನ ಹೆಚ್ಚುಭಾಗವನ್ನೆಲ್ಲ ಆತನು ಆ ಕಟ್ಟಡದಲ್ಲಿಯೇ ಕಳೆದನು.

ಏರಿದ ಮೆಟ್ಟಿಲುಗಳೆಲ್ಲ ಸುಲಭವಾಗಿದ್ದವೆಂದು ತಿಳಿಯಬಾರದು. 1813ರ ಅಕ್ಟೋಬರಿನಿಂದ 1815ರ ಏಪ್ರಿಲ್ ವರೆಗೆ ಡೇವಿ ದಂಪತಿಗಳು ಯೂರೋಪಿನ ಪ್ರವಾಸ ಮಾಡಿದರು. ಸಹಾಯಕನಾಗಿ ಹೊರಟ ಫ್ಯಾರಡೆಯ ಮೇಲೆ, ಡೇವಿಯ ಸೇವಕನು ಬರಲೊಲ್ಲದೆ ಹೋದುದರಿಂದ, ಆಳಿನ ಕೆಲಸವೂ ಬಿದ್ದಿತು. ಡೇವಿಯ ಪತ್ನಿ ಈತನನ್ನು ಆಳಿನಂತೆಯೇ ನಡೆಸಿಕೊಂಡಳು. ಮನನೊಂದು ಹಿಂದಿರುಗಿ ರಟ್ಟಿನ ಕೆಲಸಕ್ಕೆ ಹೋಗಿಬಿಡಲೇ ಎಂದು ಆತನು ಯೋಚಿಸಿದ್ದುಂಟು. ಆದರೂ ಪ್ಯಾರಿಸ್ಸಿನಲ್ಲಿ ಆಂಪೇರನನ್ನೂ ಮಿಲಾನಿನಲ್ಲಿ ವೃದ್ಧ ವೋಲ್ಟನನ್ನೂ ಕಾಣುವ ಯೋಗ ಅದೇ ಪ್ರವಾಸದಲ್ಲಿ ಒದಗಿತು. ಅವಮಾನವನ್ನು ನುಂಗಿಕೊಂಡು ವಿದ್ಯೆಯನ್ನು ಉಳಿಸಿಕೊಂಡನು.

1821ರಲ್ಲಿ ಸಾರಾ ಬರ್ನಾರ್ಡ್ ಎಂಬಾಕೆಯನ್ನು ಮದುವೆಯಾದನು. ಅವರಿಗೆ ಮಕ್ಕಳಾಗಲಿಲ್ಲ, ಆದರೆ ದಾಂಪತ್ಯ ಕೊನೆಯವರೆಗೆ ಸುಖವಾಗಿ ಸಾಗಿತು. ಅದೇ ವರ್ಷ ವಿದ್ಯುತ್ತು ಹರಿಯುವ ತಂತಿಯು ಆಯಸ್ಕಾಂತದ ಸುತ್ತ ತಿರುಗುವಂತೆ ಮಾಡಿ ತೋರಿಸಿದಾಗ, ಇದು ವೊಲಾಸ್ಟನ್ ಎಂಬ ಹಿರಿಯನ ಆಲೋಚನೆಯ ಕಳವೆಂದು ಕೆಲವರು ಆಡಿಕೊಂಡರು. 1824ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವಕ್ಕೆ ಈತನ ಹೆಸರು ಬಂದಾಗ ಅದರ ಅಧ್ಯಕ್ಷನಾಗಿದ್ದ ಡೇವಿಯೇ ವಿರೋಧಿಸಿದನು. ಆದರೂ ಚುನಾವಣೆಯಲ್ಲಿ ವಿರುದ್ಧವಾಗಿ ಬಿದ್ದುದು ಒಂದೇ ಒಂದು ಮತ. ಫ್ಯಾರಡೆಯು ತನ್ನನ್ನು ಕೈಹಿಡಿದೆತ್ತಿದ ಡೇವಿಯ ಬಗೆಗೆ ಕಡೆಯವರೆಗೂ ಕೃತಜ್ಞನಾಗಿಯೇ ಉಳಿದನು. 1831ರ ಆಗಸ್ಟ್ 29ರಂದು ಆತನು ಕಬ್ಬಿಣದ ಉಂಗುರಕ್ಕೆ ಎರಡು ಸುರುಳಿ ತಂತಿ ಸುತ್ತಿ, ಆಯಸ್ಕಾಂತ ಶಕ್ತಿಯು ಏರಿಳಿದಾಗ ವಿದ್ಯುತ್ತು ಹುಟ್ಟುವುದನ್ನು ಕಂಡುಹಿಡಿದನು. ಜಗತ್ತಿನ ಜನರೇಟರುಗಳೆಲ್ಲವೂ ಈ ತತ್ತ್ವದ ಮೇಲೆ ತಿರುಗುತ್ತವೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿಯ ನೀರು ಯಂತ್ರಗಳನ್ನು ತಿರುಗಿಸಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನು ಕಳುಹಿಸಿದಾಗಲೂ, 1905ರಲ್ಲಿ ಬೆಂಗಳೂರಿನ ಬೀದಿಗಳಲ್ಲಿ ದೀಪ ಹತ್ತಿದಾಗಲೂ ಕೆಲಸ ಮಾಡಿದುದು ಈ ಕಮ್ಮಾರನ ಮಗನು ಕಂಡ ನಿಯಮವೇ.

ಇನ್ನು ನೀರಿನ ವಿಷಯಕ್ಕೆ ಬರೋಣ. ವಿದ್ಯುತ್ತಿನಿಂದ ನೀರು ಒಡೆಯುವುದೆಂದು ತಿಳಿದು ಮೂವತ್ತು ವರ್ಷಗಳೇ ಆಗಿದ್ದರೂ ಎಷ್ಟು ವಿದ್ಯುತ್ತಿಗೆ ಎಷ್ಟು ನೀರು ಒಡೆಯುವುದೆಂಬುದಕ್ಕೆ ಖಚಿತವಾದ ಲೆಕ್ಕವಿರಲಿಲ್ಲ. ಫ್ಯಾರಡೆಯು 1833ರಲ್ಲಿ ಇದನ್ನು ಕೈಗೆತ್ತಿಕೊಂಡನು. ಗೆರೆ ಹಾಕಿದ ಗಾಜಿನ ಕೊಳವೆಯಲ್ಲಿ ಗಂಧಕಾಮ್ಲ ಬೆರಸಿದ ನೀರು ತುಂಬಿ, ಒಳಗೆ ಪ್ಲಾಟಿನಮ್ ತಗಡುಗಳನ್ನು ನಿಲ್ಲಿಸಿ, ಏಳುವ ಅನಿಲವನ್ನು ಅಳೆದನು. ತಗಡು ದೊಡ್ಡದಾಗಲಿ ಚಿಕ್ಕದಾಗಲಿ, ಆಮ್ಲ ಹೆಚ್ಚಾಗಲಿ ಕಡಿಮೆಯಾಗಲಿ, ಒಂದೇ ಪ್ರವಾಹ ಹಾದುಹೋದ ಕೊಳವೆಗಳಲ್ಲೆಲ್ಲ ಒಂದೇ ಮೊತ್ತದ ಅನಿಲ ದೊರೆಯಿತು. ಹರಿದ ವಿದ್ಯುತ್ತಿನ ಮೊತ್ತಕ್ಕೆ ತಕ್ಕಷ್ಟೇ ವಸ್ತು ಬಿಡುಗಡೆಯಾಗುತ್ತದೆ. ಅದೇ ವಿದ್ಯುತ್ತು ಬೇರೆ ಬೇರೆ ವಸ್ತುಗಳನ್ನು ಅವುಗಳ ರಾಸಾಯನಿಕ ತುಲ್ಯಭಾರಕ್ಕೆ ಅನುಸಾರವಾಗಿ ಬಿಡಿಸುತ್ತದೆ. ಇವೇ ಫ್ಯಾರಡೆಯ ಎರಡು ನಿಯಮಗಳು. ಇಂದಿನ ಮಾನದಲ್ಲಿ ಹೇಳುವುದಾದರೆ, ಒಂದು ಆಂಪೇರ್ ವಿದ್ಯುತ್ತು ಒಂದು ಗಂಟೆ ಹರಿದರೆ ಸುಮಾರು 0.3 ಗ್ರಾಂ ಆಮ್ಲಜನಕ ಬರುತ್ತದೆ. ಲಂಡನ್ನಿನಲ್ಲಾದರೂ ಅಷ್ಟೆ, ಧಾರವಾಡದಲ್ಲಾದರೂ ಅಷ್ಟೆ.

ಈ ಅಳತೆಯ ನಡುವೆ ಒಂದು ವಿಚಿತ್ರ ನಡೆಯಿತು. ಅನಿಲ ತುಂಬಿದ ಕೊಳವೆಯನ್ನು ತಗಡುಗಳ ಸಮೇತ ಹಾಗೆಯೇ ಬಿಟ್ಟಿದ್ದಾಗ ಅನಿಲವು ತಾನಾಗಿ ಕಡಿಮೆಯಾಗುತ್ತ ಬಂದಿತು. ಲೆಕ್ಕದಲ್ಲಿ ಖೋತಾ. ಕೊಳವೆ ಸೋರುತ್ತಿದೆಯೆಂದು ತಳ್ಳಿಹಾಕಿ ಮುಂದೆ ಹೋಗುವುದು ಸುಲಭವಾಗಿದ್ದಿತು. ಫ್ಯಾರಡೆಯು ಹಾಗೆ ಮಾಡದೆ, ಕಳೆದುಹೋದ ಅನಿಲ ಎಲ್ಲಿ ಹೋಯಿತೆಂದು ಹುಡುಕತೊಡಗಿದನು. ಬೇರ್ಪಟ್ಟ ಜಲಜನಕ, ಆಮ್ಲಜನಕಗಳು ಪ್ಲಾಟಿನಮಿನ ಮೈಮೇಲೆ ಮತ್ತೆ ಕೂಡಿಕೊಂಡು ನೀರಾಗುತ್ತಿದ್ದವು! ಎರಡು ತಗಡುಗಳನ್ನು ಬೇರೆ ಬೇರೆ ಪರೀಕ್ಷಿಸಿದಾಗ ಈ ಶಕ್ತಿ ವಿಶೇಷವಾಗಿ ಆಮ್ಲಜನಕ ಎದ್ದಿದ್ದ ತಗಡಿನಲ್ಲಿ ಕಂಡಿತು. ಹಾಗಾದರೆ ಇದು ವಿದ್ಯುತ್ತು ಕೊಟ್ಟ ಶಕ್ತಿಯೋ? ವಿದ್ಯುತ್ತಿನ ಸೋಂಕೇ ಇಲ್ಲದ ತಗಡನ್ನು ಕ್ಷಾರದಿಂದಲೂ ಬಿಸಿ ಗಂಧಕಾಮ್ಲದಿಂದಲೂ ಚೆನ್ನಾಗಿ ತೊಳೆದು ಇಟ್ಟನು. ಅದೂ ಅನಿಲಗಳನ್ನು ಕೂಡಿಸಿತು. ಕೆಲವೊಮ್ಮೆ ತಗಡು ಕೆಂಪಗೆ ಕಾದು ಅನಿಲವು ಸಿಡಿದದ್ದೂ ಉಂಟು. ಶುಚಿಯಾದ ತಗಡನ್ನು ಬರಿಯ ಗಾಳಿಗೆ ಬಿಟ್ಟರೆ ಶಕ್ತಿ ಕುಂದಿತು. ಕೆಲವು ಅನಿಲಗಳು ಜತೆಯಲ್ಲಿ ಬೆರೆತರೆ ಕೆಲಸ ನಿಂತೇಹೋಯಿತು.

ಇದರಿಂದ ಹೊರಟ ತೀರ್ಮಾನ, ಲೋಹದ ಮೈ ನಿರ್ಮಲವಾಗಿರಬೇಕು, ಅನಿಲಗಳು ಅದನ್ನು ನೇರವಾಗಿ ಮುಟ್ಟಬೇಕು, ಆಗ ಲೋಹವು ತಾನು ಕರಗದೆ ಸವೆಯದೆ ಅವುಗಳ ಕೂಟವನ್ನು ಸಾಧಿಸುತ್ತದೆ ಎಂಬುದು. 1834ರ ಜನವರಿಯಲ್ಲಿ ಇದನ್ನು ರಾಯಲ್ ಸೊಸೈಟಿಯ ಮುಂದೆ ಮಂಡಿಸಲಾಯಿತು. ಪ್ಲಾಟಿನಮಿನ ಈ ಬಗೆಯ ಗುಣವನ್ನು ಡೇವಿಯೂ ಜರ್ಮನಿಯ ಡೋಬೆರೈನರನೂ ಮೊದಲೇ ನೋಡಿದ್ದರು. ಆದರೆ ಮೈಯ ಶುಚಿ, ಅಶುಚಿಗಳನ್ನು ಒಂದೊಂದಾಗಿ ಪರೀಕ್ಷಿಸಿ ಕಾರಣವನ್ನು ಹಿಡಿದ ತಾಳ್ಮೆ ಫ್ಯಾರಡೆಯದು. ಸ್ವೀಡನ್ನಿನ ಬರ್ಸೀಲಿಯಸನು ಇಂತಹ ವಸ್ತುಗಳ ಕಾರ್ಯಕ್ಕೆ ಒಂದು ಹೆಸರಿಟ್ಟುದು ಆಮೇಲೆ, 1835ರಲ್ಲಿ. ಇಂದು ಕನ್ನಡದಲ್ಲಿ ನಾವು ಅವನ್ನು ಕ್ರಿಯಾವರ್ಧಕಗಳೆಂದು ಕರೆಯುತ್ತೇವೆ.

ಹೊಸ ವಿಷಯಗಳಿಗೆ ಹೊಸ ಶಬ್ದಗಳು ಬೇಕಾದವು. ಫ್ಯಾರಡೆಗೆ ಗ್ರೀಕ್ ಬಾರದು. ಅದನ್ನು ಮುಚ್ಚಿಡದೆ ಆತನು ಬಲ್ಲವರನ್ನು ಕೇಳಿದನು. ಕೇಂಬ್ರಿಜ್ಜಿನ ಪಂಡಿತ ವಿಲಿಯಮ್ ಹ್ಯೂಯೆಲ್ ಮೊದಲಾದವರ ನೆರವಿನಿಂದ ಎಲೆಕ್ಟ್ರೋಡ್, ಆನೋಡ್, ಕ್ಯಾಥೋಡ್, ಅಯಾನ್ ಎಂಬ ಪದಗಳು 1834ರಲ್ಲಿ ಬಳಕೆಗೆ ಬಂದವು. ಆನೋಡ್ ಎಂದರೆ ಏರುವ ದಾರಿ, ಕ್ಯಾಥೋಡ್ ಎಂದರೆ ಇಳಿಯುವ ದಾರಿ, ಅಯಾನ್ ಎಂದರೆ ಪಯಣ ಹೊರಟದ್ದು. ಗಣಿತವೂ ಆತನಿಗೆ ಅಷ್ಟಕ್ಕಷ್ಟೆ. ಆತನು ಚಿತ್ರವಾಗಿ ಕಂಡ ಬಲರೇಖೆಗಳನ್ನು ಮುಂದೆ ಮ್ಯಾಕ್ಸ್‌ವೆಲ್ಲನು ಸಮೀಕರಣಗಳಲ್ಲಿ ಬರೆದನು. ಬಾರದ್ದನ್ನು ಬಾರದೆಂದು ಹೇಳಿ ಬಂದದ್ದನ್ನು ಪೂರ್ತಿಯಾಗಿ ದುಡಿಸಿಕೊಂಡವನು ಫ್ಯಾರಡೆ. ಮಾಡಿದ ಪ್ರಯೋಗಗಳನ್ನೆಲ್ಲ ದಿನಚರಿಯಲ್ಲಿ ಸಂಖ್ಯೆ ಹಾಕಿ ಬರೆದಿಟ್ಟನು. ಆ ಸಂಖ್ಯೆ 16,000ವನ್ನು ಮೀರಿತು. ಫಲಿಸದ ಪ್ರಯೋಗಗಳೂ ಅದರಲ್ಲಿವೆ.

ಆತನು ಪ್ಲಾಟಿನಮಿನ ತಗಡಿನ ಮೇಲೆ ಕಂಡ ಸಂಗತಿಗೂ ಇಂದಿನ ಬಾಳಿಗೂ ಇರುವ ಸಂಬಂಧವನ್ನು ಹೇಳದಿದ್ದರೆ ಈ ಲೇಖನ ಅಪೂರ್ಣವಾದೀತು. ಸೂರ್ಯನಿಂದಲೂ ಗಾಳಿಯಿಂದಲೂ ಪಡೆದ ವಿದ್ಯುತ್ತಿನಿಂದ ನೀರನ್ನು ಒಡೆದು ಜಲಜನಕವನ್ನು ಇಂಧನವಾಗಿ ಬಳಸುವ ಪ್ರಯತ್ನ ಈಗ ಎಲ್ಲ ದೇಶಗಳಲ್ಲಿಯೂ ನಡೆದಿದೆ. ಭಾರತ ಸರಕಾರವೂ 2023ರಲ್ಲಿ ಇದಕ್ಕಾಗಿ ಒಂದು ರಾಷ್ಟ್ರೀಯ ಯೋಜನೆಯನ್ನು ಅಂಗೀಕರಿಸಿತು. ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣದಲ್ಲಿ ಯಾತ್ರಿಗಳು ಉಸಿರಾಡಲು ಬೇಕಾದ ಆಮ್ಲಜನಕವನ್ನು ನೀರಿನಿಂದ ಪಡೆದಿದ್ದಾರೆ. ಇವೆಲ್ಲದರಲ್ಲಿ ಕಷ್ಟದ ಭಾಗ ಜಲಜನಕದ್ದಲ್ಲ, ಆಮ್ಲಜನಕದ್ದು. ಒಂದು ಆಮ್ಲಜನಕದ ಅಣು ಹುಟ್ಟಬೇಕಾದರೆ ಎರಡು ನೀರಿನ ಅಣುಗಳು ಬಿಚ್ಚಿಕೊಂಡು, ನಾಲ್ಕು ಎಲೆಕ್ಟ್ರಾನುಗಳು ಒಂದೊಂದಾಗಿ ಕಳಚಿ, ಎರಡು ಆಮ್ಲಜನಕದ ಪರಮಾಣುಗಳು ಒಂದನ್ನೊಂದು ಹಿಡಿಯಬೇಕು. ಶಾಸ್ತ್ರದ ಲೆಕ್ಕಕ್ಕೆ 1.23 ವೋಲ್ಟು ಸಾಕಾದರೂ ವ್ಯವಹಾರದಲ್ಲಿ 1.8ರಿಂದ 2 ವೋಲ್ಟಿನವರೆಗೆ ಕೊಡಬೇಕಾಗುತ್ತದೆ. ಸಂತೆಗೆ ಹೊರುವ ಮೂಟೆಯ ತೂಕ ಒಂದೇ ಆದರೂ ದಾರಿಯಲ್ಲಿ ದಿಬ್ಬವಿದ್ದರೆ ದಣಿವು ಹೆಚ್ಚು. ಇಷ್ಟು ವಿದ್ಯುತ್ತಿಗೆ ಇಷ್ಟು ಅನಿಲವೆಂಬ ಫ್ಯಾರಡೆಯ ನಿಯಮವು ಮೂಟೆಯ ತೂಕದಂತೆ. ಅದನ್ನು ಯಾವ ಲೋಹವೂ ಬದಲಿಸಲಾರದು. ಒಳ್ಳೆಯ ಲೋಹವು ದಿಬ್ಬವನ್ನು ತಗ್ಗಿಸಬಲ್ಲುದು. ಕ್ರಿಯಾವರ್ಧಕದ ಕೆಲಸ ಇದೇ.

ಯಾವ ಲೋಹ ಎಂಬುದೇ ಇನ್ನೂ ತೀರದ ಪ್ರಶ್ನೆ. ಪ್ಲಾಟಿನಮ್ ಜಲಜನಕಕ್ಕೆ ಉತ್ತಮ. ಆಮ್ಲಜನಕ ಏಳುವ ಕಡೆ ಅದರ ಮೈಮೇಲೆ ಆಕ್ಸೈಡಿನ ಪೊರೆ ಕಟ್ಟಿ ಚುರುಕು ತಗ್ಗುತ್ತದೆ. ಆಮ್ಲದ ನಡುವೆ ಕರಗದೆ ತಾಳಿಕೊಂಡು ಚೆನ್ನಾಗಿ ದುಡಿಯುವುದು ಇರಿಡಿಯಮ್. ಆದರೆ ಜಗತ್ತಿನಲ್ಲೆಲ್ಲ ಸೇರಿ ವರ್ಷಕ್ಕೆ ಅದು ಗಣಿಗಳಿಂದ ಬರುವುದು ಏಳೆಂಟು ಟನ್ ಮಾತ್ರ. ಕ್ಷಾರದ ದ್ರಾವಣದಲ್ಲಾದರೆ ಅಗ್ಗವಾದ ನಿಕ್ಕಲ್ ನಡೆಯುತ್ತದೆ. ಅದಕ್ಕೆ ಸ್ವಲ್ಪ ಕಬ್ಬಿಣ ಸೇರಿದರೆ ಇನ್ನೂ ಚುರುಕಾಗುತ್ತದೆ. ಬಡವರ ಲೋಹವಾದ ಕಬ್ಬಿಣಕ್ಕೆ ಇಲ್ಲಿಯೂ ಒಂದು ಸ್ಥಾನ ದೊರೆತಿದೆ. ನಮ್ಮ ಗದ್ದೆಯ ಪೈರಿನ ಎಲೆಯೂ ಬಿಸಿಲಿನಲ್ಲಿ ನೀರನ್ನು ಒಡೆದು ಆಮ್ಲಜನಕವನ್ನು ಬಿಡುತ್ತದೆ. ಅದಕ್ಕೆ ಎಲೆಯು ಬಳಸುವುದು ಮ್ಯಾಂಗನೀಸ್ ಮತ್ತು ಕ್ಯಾಲ್ಸಿಯಮ್‌ಗಳ ಒಂದು ಸಣ್ಣ ಗೊಂಚಲನ್ನು. ಎಲೆಯ ಈ ಜಾಣ್ಮೆಯನ್ನು ಅನುಸರಿಸುವ ಯತ್ನಗಳೂ ನಡೆದಿವೆ. ಭಾರತರತ್ನ ಸಿ. ಎನ್. ಆರ್. ರಾವ್ ಅವರು 1989ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನ ಕೇಂದ್ರದಲ್ಲಿಯೂ ನೀರನ್ನು ಒಡೆಯುವ ವಸ್ತುಗಳ ಬಗೆಗೆ ಸಂಶೋಧನೆ ನಡೆದು ಪ್ರಬಂಧಗಳು ಹೊರಬಂದಿವೆ ಎಂಬುದು ನಮಗೆ ಹೆಮ್ಮೆಯ ಸಂಗತಿ. ಲೋಹ ಯಾವುದೇ ಇರಲಿ, ಅದರ ಮೈಯನ್ನು ಶುಚಿಯಾಗಿಡಬೇಕೆಂಬ ಫ್ಯಾರಡೆಯ ಪಾಠದಿಂದಲೇ ಇವರ ದಿನದ ಕೆಲಸ ಆರಂಭವಾಗುತ್ತದೆ.

ಫ್ಯಾರಡೆಯ ಸ್ವಂತ ನಡವಳಿಕೆಯೂ ಹಾಗೆಯೇ ನಿರ್ಮಲವಾಗಿದ್ದಿತು. 1830ರ ಸುಮಾರಿಗೆ ಕಾರ್ಖಾನೆಗಳಿಗೂ ನ್ಯಾಯಾಲಯಗಳಿಗೂ ಸಲಹೆ ಕೊಟ್ಟು ಆತನು ವರ್ಷಕ್ಕೆ ಸಾವಿರ ಪೌಂಡುಗಳಷ್ಟು ಗಳಿಸಬಲ್ಲವನಾಗಿದ್ದನು. ಹಣವೋ ಸಂಶೋಧನೆಯೋ ಎಂಬ ಪ್ರಶ್ನೆ ಬಂದಾಗ ಅಂತಹ ಸಂಪಾದನೆಯನ್ನು ಹೆಚ್ಚಾಗಿ ಕೈಬಿಟ್ಟು, ಸಂಸ್ಥೆಯ ಅಲ್ಪ ಸಂಬಳದಲ್ಲಿಯೇ ತೃಪ್ತನಾದನು. ಸಮುದ್ರದ ದೀಪಸ್ತಂಭಗಳ ಸುಧಾರಣೆಗಾಗಿ 1836ರಿಂದ ಸುಮಾರು ಮೂವತ್ತು ವರ್ಷ ದುಡಿದನು. ಸರ್ ಪದವಿ ಬೇಡವೆಂದನು. 1857ರಲ್ಲಿ ರಾಯಲ್ ಸೊಸೈಟಿಯ ಅಧ್ಯಕ್ಷಸ್ಥಾನವನ್ನೇ ಮುಂದೆ ತಂದಿಟ್ಟಾಗಲೂ ಬೇಡವೆಂದು, ಕೊನೆಯವರೆಗೂ ಬರಿಯ ಮೈಕೇಲ್ ಫ್ಯಾರಡೆಯಾಗಿರಲು ಬಯಸಿದನು. ಆದರೆ ಮಕ್ಕಳಿಗಾಗಿ ಕ್ರಿಸ್ಮಸ್ ರಜದಲ್ಲಿ ಉಪನ್ಯಾಸ ಮಾಡಲು ಕರೆದರೆ ಮಾತ್ರ ಬೇಡವೆನ್ನುತ್ತಿರಲಿಲ್ಲ. ಇಂತಹ 19 ಉಪನ್ಯಾಸಮಾಲೆಗಳನ್ನು ನಡೆಸಿದನು. ಒಂದು ಮೇಣದಬತ್ತಿಯನ್ನು ಹಚ್ಚಿಟ್ಟುಕೊಂಡು ಅದರ ಮೂಲಕ ರಸಾಯನಶಾಸ್ತ್ರವನ್ನೆಲ್ಲ ಮಕ್ಕಳಿಗೆ ತಿಳಿಸಿದ ಮಾಲೆಯು ಪುಸ್ತಕವಾಗಿ ಇಂದಿಗೂ ಓದಿಸಿಕೊಳ್ಳುತ್ತದೆ. ಷಿಲಿಂಗಿಗಾಗಿ ಅಣ್ಣನ ಮುಖ ನೋಡಿದ ದಿನಗಳನ್ನು ಆತನು ಮರೆತಿರಲಿಲ್ಲವೆಂದು ನಾವು ಭಾವಿಸಬಹುದು.

ಅತಿಯಾದ ದುಡಿಮೆಯಿಂದ 1839ರ ಸುಮಾರಿಗೆ ಆತನ ಆರೋಗ್ಯ ಕೆಟ್ಟಿತು. ತಲೆ ಸುತ್ತು, ಮರೆವು ಕಾಡತೊಡಗಿದವು. 1841ರಲ್ಲಿ ಪತ್ನಿಯೊಡನೆ ವಿಶ್ರಾಂತಿಗಾಗಿ ಸ್ವಿಟ್ಜರ್ಲೆಂಡಿಗೆ ಹೋದಾಗ ಊರೊಂದರಲ್ಲಿ ಮೊಳೆ ಬಡಿಯುವವರ ಕೆಲಸವನ್ನು ನಿಂತು ನೋಡಿದನು. ಕುಲುಮೆಯೆಂದರೆ ತನಗೆ ಪ್ರೀತಿ, ತನ್ನ ತಂದೆ ಕಮ್ಮಾರನಾಗಿದ್ದನು ಎಂದು ಆ ದಿನದ ಬರಹದಲ್ಲಿ ನೆನೆದನು. ಯೂರೋಪಿನ ವಿದ್ವತ್ಸಭೆಗಳೆಲ್ಲ ಗೌರವಿಸಿದ್ದ ಮನುಷ್ಯನು ತನ್ನ ಮೂಲವನ್ನು ಎಂದೂ ಮರೆಮಾಚಲಿಲ್ಲ. ಸ್ವಲ್ಪ ಚೇತರಿಸಿಕೊಂಡು 1845ರಲ್ಲಿ ಬೆಳಕಿನ ಮೇಲೆ ಆಯಸ್ಕಾಂತದ ಪ್ರಭಾವವನ್ನು ಕಂಡುಹಿಡಿದನು. ಆದರೆ ಮರೆವು ಮತ್ತೆ ಮತ್ತೆ ಬಂದಿತು. 1858ರಲ್ಲಿ ವಿಕ್ಟೋರಿಯ ರಾಣಿ ಹ್ಯಾಂಪ್ಟನ್ ಕೋರ್ಟಿನಲ್ಲಿ ವಾಸಕ್ಕೆ ಮನೆಯೊಂದನ್ನು ಕೊಟ್ಟಳು. ಅಲ್ಲಿಯೇ 1867ರ ಆಗಸ್ಟ್ 25ರಂದು ತನ್ನ ಕುರ್ಚಿಯಲ್ಲಿ ಕುಳಿತಂತೆಯೇ ಫ್ಯಾರಡೆಯು ಶಾಂತನಾಗಿ ಕಣ್ಣು ಮುಚ್ಚಿದನು. ಹೈಗೇಟ್ ಸ್ಮಶಾನದ ಆತನ ಸಮಾಧಿಯ ಕಲ್ಲಿನ ಮೇಲೆ ಹೆಸರು, ಹುಟ್ಟಿದ ದಿನ, ತೀರಿದ ದಿನಗಳ ಹೊರತು ಯಾವ ಬಿರುದೂ ಇಲ್ಲ.

ಈ ಚರಿತ್ರೆಯಿಂದ ನಮ್ಮ ಕುಟುಂಬಗಳು ಗ್ರಹಿಸಬೇಕಾದುದೇನು? ಫ್ಯಾರಡೆಯ ಪ್ರತಿಭೆ ಅಸಾಧಾರಣವಾದುದು ನಿಜ. ಆದರೆ ಅಂಗಡಿಯಲ್ಲಿ ಓದಲು ಬಿಟ್ಟ ರೀಬೋ, ಷಿಲಿಂಗ್ ಕೊಟ್ಟ ಅಣ್ಣ, ಟಿಕೆಟು ಕೊಟ್ಟ ಗಿರಾಕಿ, ಮನೆಯ ಬಾಗಿಲು ತೆರೆದ ಟೇಟಮ್ ಇವರಲ್ಲಿ ಯಾರೊಬ್ಬರು ಇಲ್ಲದಿದ್ದರೂ ಆ ಪ್ರತಿಭೆ ರಟ್ಟು ಮತ್ತು ಗೋಂದಿನ ನಡುವೆಯೇ ಮುಗಿದುಹೋಗುವ ಸಂಭವವಿದ್ದಿತು. ಅವರಾರೂ ದೊಡ್ಡ ದಾನಿಗಳಲ್ಲ. ಒಂದು ಸಂಜೆಯನ್ನೋ ಒಂದು ಪುಸ್ತಕವನ್ನೋ ಕೊಟ್ಟವರು, ಅಷ್ಟೆ. ನಮ್ಮ ಸಂಘದ ವಾಚನಾಲಯದಲ್ಲಿ, ಸಂಜೆಯ ಉಪನ್ಯಾಸದಲ್ಲಿ, ನೆರೆಮನೆಯ ಕನ್ನಡ ಮಗುವಿಗೆ ನಾವು ಹೇಳಿಕೊಡುವ ಒಂದು ಲೆಕ್ಕದಲ್ಲಿ ಏನಡಗಿದೆಯೆಂದು ಹೇಳಬಲ್ಲವರಾರು? ಮಕ್ಕಳಿಗೂ ಒಂದು ಮಾತು. ಲೆಕ್ಕ ತಾಳೆಯಾಗದಿದ್ದಾಗ ಉತ್ತರವನ್ನು ಅಳಿಸಿ ತಿದ್ದುವ ಮುನ್ನ, ಎಲ್ಲಿ ತಪ್ಪಿತು, ಏಕೆ ತಪ್ಪಿತು ಎಂದು ಹುಡುಕಿರಿ. ಕೊಳವೆಯಲ್ಲಿ ಕಡಿಮೆಯಾದ ಸ್ವಲ್ಪ ಅನಿಲವನ್ನು ಹುಡುಕಿ ಹೊರಟವನಿಗೆ ಲೋಹದ ಮೈಯ ರಹಸ್ಯವೇ ದೊರೆಯಿತು. ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಲ್ಲಿ ಈ ಜಿಜ್ಞಾಸೆಯೂ, ಹಿರಿಯರಾದ ನಮ್ಮಲ್ಲಿ ರೀಬೋನಂತಹ ಔದಾರ್ಯವೂ ನೆಲಸಲೆಂದು ಈ ರಾಜ್ಯೋತ್ಸವದ ಸಂದರ್ಭದಲ್ಲಿ ಮನಸಾರೆ ಹಾರೈಸುತ್ತೇವೆ.